ಒಡ್ಡು ದಾಟಿ ಹೋದದ್ದು

ನಮ್ಮೂರ ಹೆಸರಿನಲ್ಲೇ ಇಟ್ಟಂಗಿ ಇದೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಡ್ಡಿ ಹೊಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಜಯಪುರ ಶಹರಕ್ಕೆ ಹತ್ತಿರದ ಈ ಇಟ್ಟಂಗಿಹಾಳದಲ್ಲಿ ನನಗಿರುವುದು ಎಂಟು ಎಕರೆ. ಮೇಲೆ ಮೂರು ಎಕರೆ ಮಡ್ಡಿ, ಗೇಣು ಅಗೆದರೆ ಕಲ್ಲು. ಕೆಳಗೆ ಐದು ಎಕರೆ ಎರಿ, ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು.

ಒಕ್ಕಲುತನ ಮಾಡುತ್ತ ಇಪ್ಪತ್ತಾರು ವರ್ಷವಾಯಿತು. ಮೊದಲೆರಡು ವರ್ಷ ವಹಿಯಲ್ಲಿ ರೊಕ್ಕದ ಲೆಕ್ಕ ಮಾತ್ರ ಬರೆದೆ. ಮೂರನೇ ವರ್ಷದಿಂದ ಇನ್ನೊಂದು ಪುಟ ಶುರುವಾಯಿತು: ಹೊಲದೊಳಗೆ ಏನು ಬಂತು, ಒಡ್ಡು ದಾಟಿ ಏನು ಹೋಯಿತು. ಕೆಳಗಿನ ಪಾಠಗಳೆಲ್ಲ ಆ ಪುಟದಿಂದ ಎತ್ತಿದವು. ಅರ್ಧಕ್ಕರ್ಧ ನಾನೇ ತಪ್ಪು ಮಾಡಿ ಕಲಿತವು.

1. ಮೊದಲು ಮಳೆಯನ್ನು ಬಿದ್ದಲ್ಲೇ ನಿಲ್ಲಿಸಬೇಕು

ಆ ಮೂರನೇ ವರ್ಷ ಹಸ್ತ ಮಳೆ ಒಂದೇ ಸಂಜೆ ಧೋ ಎಂದು ಸುರಿಯಿತು. ಮರುದಿನ ಮುತ್ಯಾನ ಜೊತೆ ಹೊಲಕ್ಕೆ ಹೋದೆ. ಕೆಳಗಿನ ಒಡ್ಡು ಒಡೆದು ನೀರು ಇನ್ನೂ ಹರಿಯುತ್ತಿತ್ತು.

"ಭಾಳ ಚಲೋ ಮಳಿ ಆತು ಮುತ್ಯಾ" ಅಂದೆ.

ಮುತ್ಯಾ ನೀರಿನ ಬಣ್ಣ ನೋಡುತ್ತ ನಿಂತಿದ್ದ. "ಮಳಿ ಚಲೋನ ಆತಪಾ. ಆದ್ರ ನೀರಿನ ಸಂಗಾಟ ಹೊಲಾನೂ ನಡದೈತಲ್ಲ" ಅಂದ.

ಆ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ತಂದು ಮನೆಯ ಗೂಡಿನಲ್ಲಿ ಇಟ್ಟೆ. ಎರಿ ಮಣ್ಣು ಬೇಗ ಕೂಡುವುದಿಲ್ಲ. ಮೂರು ದಿನ ಬೇಕಾಯಿತು. ತಳದಲ್ಲಿ ಮೂರು ಬೆರಳು ಕೆಸರು.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ತೊಳೆದು ಹೋದರೆ ಅದು ಸುಮಾರು 5 ಟನ್. ಕಣ್ಣಿಗೆ ಕಾಣದಷ್ಟು ತೆಳು ಪದರ, ಆದರೆ ತುಂಬಲು ಎರಡು ಟ್ರಾಲಿ ಬೇಕು. ಹೋಗುವುದೂ ಮೇಲಿನ ಮಣ್ಣೇ, ಗೊಬ್ಬರ ಬೆರೆತದ್ದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸರಾಸರಿ 600 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ನಾಲ್ಕಾರು ಹೊಡೆತದಲ್ಲಿ ಬಂದು ಹೋಗುತ್ತದೆ.

ತಪ್ಪು ನನ್ನದೇ ಇತ್ತು. ಟ್ರ್ಯಾಕ್ಟರಿಗೆ ಉದ್ದ ಸಾಲು ಸಿಕ್ಕರೆ ತಿರುವು ಕಡಿಮೆ, ತಾಸು ಉಳಿಯುತ್ತದೆ ಎಂದು ಇಳಿಜಾರಿನ ಗುಂಟ ಉಳುಮೆ ಮಾಡಿಸಿದ್ದೆ. ಪ್ರತಿ ಸಾಲೂ ನೀರಿಗೆ ಕಾಲುವೆಯಾಗಿತ್ತು. ಈಗ ಉಳುಮೆ, ಬಿತ್ತಿಗೆ, ಎಡೆ ಹೊಡೆಯುವುದು ಎಲ್ಲವೂ ಇಳಿಜಾರಿಗೆ ಅಡ್ಡ. ಜೂನ್-ಜುಲೈನಲ್ಲಿ ಎರಿ ಹೊಲಕ್ಕೆ ಚೌಕು ಮಡಿ ಹಾಕುತ್ತೇನೆ. ಇಳಿಜಾರು ಜಾಸ್ತಿ ಇದ್ದಲ್ಲಿ 10 ಅಡಿಗೆ 10 ಅಡಿ, ಸಪಾಟು ಇದ್ದಲ್ಲಿ 15 ಅಡಿಗೆ 15 ಅಡಿ, ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಬದು. ಹಿಂಗಾರಿ ಬಿತ್ತುವ ಮೊದಲು ಕುಂಟಿ ಹೊಡೆದರೆ ಮಡಿ ಮಾಯ, ನೀರು ಮಾತ್ರ ಒಳಗೆ.

ಇದೇನು ಹೊಸ ವಿದ್ಯೆಯಲ್ಲ. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ ದೇಶದ ಐದು ಕಡೆ ಒಣಬೇಸಾಯದ ಸಂಶೋಧನೆ ಶುರು ಮಾಡಿದಾಗ ಅದರಲ್ಲೊಂದು ಕೇಂದ್ರ ನಮ್ಮ ವಿಜಾಪುರ. ಉಳಿದವು ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ತಕ್. ಒಡ್ಡು, ಅಡ್ಡ ಉಳುಮೆ, ತಿಪ್ಪಿ ಗೊಬ್ಬರ, ವಿರಳ ಬಿತ್ತಿಗೆ, ಪದೇ ಪದೇ ಎಡೆ: ಅಂದು ಹೇಳಿದ್ದೂ ಇದನ್ನೇ. ಮನೆ ಬಾಗಿಲಿಗೆ ಬಂದಿದ್ದ ಮಾತು ನನ್ನ ಕಿವಿಗೆ ಬೀಳಲು ಒಂದು ಒಡ್ಡು ಒಡೆಯಬೇಕಾಯಿತು.

2. ಒಡ್ಡಿಗೂ ಒಂದು ಬಾಯಿ ಬೇಕು

ಒಡೆದ ಒಡ್ಡನ್ನು ಸಿಟ್ಟಿನಲ್ಲಿ ಎರಡು ಪಟ್ಟು ಎತ್ತರಿಸಿದೆ. ಮರುವರ್ಷ ಮತ್ತೆ ಒಡೆಯಿತು. ಎರಿ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರಿಯುತ್ತದೆ. ಹಿಂದೆ ನಿಂತ ನೀರು ಆ ಬಿರುಕಿನಲ್ಲೇ ದಾರಿ ಹುಡುಕುತ್ತದೆ. ಮಡ್ಡಿಯಲ್ಲಿ ನೀರು ಪೂರ್ತಿ ನಿಲ್ಲಿಸಬಹುದು, ಎರಿಯಲ್ಲಿ ಹೆಚ್ಚಾದದ್ದನ್ನು ನಿಧಾನಕ್ಕೆ ಬಿಟ್ಟುಕೊಡಬೇಕು. ಈಗ ಒಡ್ಡಿನ ತಗ್ಗಿನ ಕಡೆ ಕಲ್ಲು ಜೋಡಿಸಿದ ಕೋಡಿ ಇದೆ. ಹೆಚ್ಚಿನ ನೀರು ಕಲ್ಲಿನ ಸಂದಿಯಲ್ಲಿ ಸೋಸಿ ಹೋಗುತ್ತದೆ, ಮಣ್ಣು ಈಚೆ ಕೂಡುತ್ತದೆ. ಆ ಕೂಡಿದ ಮಣ್ಣನ್ನು ಬೇಸಿಗೆಯಲ್ಲಿ ಬುಟ್ಟಿಯಲ್ಲಿ ತುಂಬಿ ಮೇಲಿನ ಮಡ್ಡಿಗೆ ಒಯ್ದು ಚೆಲ್ಲುತ್ತೇವೆ. ಕೋಡಿ ಎಲ್ಲಿಡಬೇಕು ಎಂಬುದನ್ನು ಕೆಳಗಿನ ಹೊಲದವರ ಜೊತೆ ಕೂತು ಮಾತಾಡಿಯೇ ಇಡಬೇಕು. ಇಲ್ಲದಿದ್ದರೆ ನೀರಿಗಿಂತ ಮೊದಲು ಜಗಳ ಹರಿಯುತ್ತದೆ.

3. ತಿಪ್ಪಿ ಮಾರಬಾರದು

ನಮ್ಮ ಸುತ್ತ ತಿಕೋಟಾ, ಬಬಲೇಶ್ವರ ಸೀಮೆಯೆಲ್ಲ ದ್ರಾಕ್ಷಿ ಪಡ. ಪಡಕ್ಕೆ ಗೊಬ್ಬರ ಎಷ್ಟಿದ್ದರೂ ಸಾಲದು, ಹೀಗಾಗಿ ತಿಪ್ಪಿಗೆ ಒಳ್ಳೆ ರೇಟು. ಒಂದು ವರ್ಷ ಮಗಳ ಕಾಲೇಜಿನ ಫೀಗೆಂದು ಐದು ಟ್ರಾಲಿ ಗೊಬ್ಬರ ಮಾರಿದೆ. ರೊಕ್ಕ ನಾಲ್ಕು ತಿಂಗಳಲ್ಲಿ ಮುಗಿಯಿತು. ಹೊಲ ಮಾತ್ರ ನಾಲ್ಕು ವರ್ಷ ಅದನ್ನು ನೆನೆಸಿತು: ಅದೇ ಮಳೆಗೆ ಬೇಗ ಒಣಗುವುದು, ಅದೇ ಉಳುಮೆಗೆ ಗಡಿಗೆಯಂಥ ಹೆಂಟೆ ಏಳುವುದು. ಒಣಬೇಸಾಯದ ಹೊಲದ ಶಕ್ತಿ ಹೀಗೆ ಟ್ರಾಲಿ ಹತ್ತಿ ನೀರಾವರಿ ತೋಟಕ್ಕೆ ಹೋಗುವುದನ್ನು ನಾವು ವ್ಯಾಪಾರ ಅನ್ನುತ್ತೇವೆ. ವಹಿಯ ಆ ಪುಟದಲ್ಲಿ ಅದು ನಷ್ಟ.

ಗೊಬ್ಬರದ ಬಗ್ಗೆ ಸುಳ್ಳು ಹೇಳಬಾರದು. ಎರಡೂವರೆ ಟನ್ನಿನ ಒಂದು ಟ್ರಾಲಿ ತಿಪ್ಪಿ ಗೊಬ್ಬರದಲ್ಲಿ ಸಾರಜನಕ ಸುಮಾರು 12 ಕಿಲೋ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ 20 ಕಿಲೋ ಮೀರಿ. ಬರೀ ಸಾರಜನಕ ಬೇಕಿದ್ದರೆ ಚೀಲವೇ ಅಗ್ಗ. ಆದರೆ ಯೂರಿಯಾ ಮಣ್ಣನ್ನು ಮೆತ್ತಗೆ ಮಾಡುವುದಿಲ್ಲ, ನೀರು ಹಿಡಿಯುವುದಿಲ್ಲ, ಎರೆಹುಳಕ್ಕೆ ಕೂಳು ಹಾಕುವುದಿಲ್ಲ. ಆ ಮೂರೂ ಕೆಲಸ ತಿಪ್ಪಿಯದು.

ತಿಪ್ಪಿಯನ್ನು ಕೆಡಿಸುವ ದಾರಿಯೂ ಎರಡಿವೆ. ಒಂದು, ದನದ ಉಚ್ಚೆಯನ್ನು ಗಟಾರಕ್ಕೆ ಬಿಡುವುದು. ಸಾರಜನಕದ ದೊಡ್ಡ ಪಾಲು ಇರುವುದೇ ಅದರಲ್ಲಿ. ನಮ್ಮ ಮನೆಯವರು ದನ ತಿಂದು ಬಿಟ್ಟ ಕಣಿಕೆ ತುಂಡನ್ನು ರಾತ್ರಿ ದನದ ಕಾಲಕೆಳಗೆ ಹಾಸುತ್ತಾರೆ, ಬೆಳಿಗ್ಗೆ ನೆನೆದದ್ದನ್ನೇ ತಿಪ್ಪಿಗೆ ಎತ್ತುತ್ತಾರೆ. ಎರಡು, ಏಪ್ರಿಲ್‌ನಲ್ಲೇ ಗೊಬ್ಬರ ಒಯ್ದು ಹೊಲದಲ್ಲಿ ಗುಂಪೆ ಗುಂಪೆ ಹಾಕಿ ಎರಡು ತಿಂಗಳು ಬಿಸಿಲಿಗೆ ಬಿಡುವುದು. ಬಿಸಿಲು ತಿಂದು ಉಳಿದದ್ದು ಬೂದಿಗೆ ಸಮ. ಮಳೆಯ ಹೊತ್ತಿಗೆ ಒಯ್ಯಿರಿ, ಚೆಲ್ಲಿದ ದಿನವೇ ಕುಂಟಿ ಹೊಡೆದು ಮಣ್ಣಿಗೆ ಬೆರೆಸಿ.

ನಿಮ್ಮಲ್ಲಿ ದನ ಇಲ್ಲವೆ? ಬೇಸಿಗೆಯಲ್ಲಿ ಕುರಿಯವರು ಬಂದಾಗ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ. ಅವರಿಗೆ ಜೋಳ, ರೊಕ್ಕ ಕೊಡುವುದು ಭಾರ ಅನ್ನಿಸಬಹುದು. ಆದರೆ ಹಿಕ್ಕಿಯೂ ಉಚ್ಚೆಯೂ ಎರಡೂ ಹೊಲದಲ್ಲೇ ಬೀಳುವ, ಸಾಗಾಟದ ಖರ್ಚಿಲ್ಲದ ಗೊಬ್ಬರ ಅದೊಂದೇ.

4. ಒಕ್ಕಿದ ಕಾಳಿನ ಜೊತೆ ಏನೇನು ಹೋಗುತ್ತದೆ ಎಂದು ಬರೆದಿಡಿ

ಬಿಳಿಜೋಳದಲ್ಲಿ ಪ್ರೋಟೀನು ನೂರಕ್ಕೆ ಹತ್ತರಷ್ಟು. ಅಂದರೆ 10 ಕ್ವಿಂಟಲ್ ಜೋಳ ಮಾರಿದಾಗ ಅದರೊಳಗೆ ಸುಮಾರು 16 ಕಿಲೋ ಸಾರಜನಕ ಕೂತು ಹೋಗುತ್ತದೆ. ಅದು 35 ಕಿಲೋ ಯೂರಿಯಾಕ್ಕೆ ಸಮ. ಕಾಳು ಮಾರಲೇಬೇಕು, ಅದಕ್ಕೇ ಬೆಳೆಯುವುದು. ಆದರೆ ಕಣಿಕೆ, ಹೊಟ್ಟು, ತೊಗರಿ ಕಟ್ಟಿಗೆ ಯಾಕೆ ಹೋಗಬೇಕು? ಪೊಟ್ಯಾಷ್ ಹೆಚ್ಚಾಗಿ ಇರುವುದು ಕಣಿಕೆಯಲ್ಲೇ. ಮನೆ ದನ ತಿಂದರೆ ಅದು ತಿಪ್ಪಿಯಾಗಿ ತಿರುಗಿ ಬರುತ್ತದೆ, ಲಾರಿ ಹತ್ತಿದರೆ ಬರುವುದಿಲ್ಲ.

ತೊಗರಿ ಕಟ್ಟಿಗೆ ಮೊದಲು ಒಲೆಗೆ ಹೋಗುತ್ತಿತ್ತು. ಮನೆಗೆ ಗ್ಯಾಸ್ ಬಂದ ಮೇಲೆ ಹೊಲದಲ್ಲೇ ಬೆಂಕಿ ಹಚ್ಚುವ ಚಟ ಶುರುವಾಗಿದೆ. ನಾನೂ ಎರಡು ವರ್ಷ ಹಚ್ಚಿದವನೇ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ; ಇಂಗಾಲ, ಸಾರಜನಕ ಹೊಗೆಯ ಜೊತೆ ಹೋಗುತ್ತವೆ. ಈಗ ಟ್ರ್ಯಾಕ್ಟರಿಗೆ ಕಟ್ಟುವ ಪುಡಿ ಮಾಡುವ ಯಂತ್ರವನ್ನು ನಾಲ್ಕು ಮಂದಿ ಕೂಡಿ ಬಾಡಿಗೆಗೆ ತರುತ್ತೇವೆ. ಪಡದವರಿಗೂ ಇದೇ ಮಾತು: ಏಪ್ರಿಲ್, ಅಕ್ಟೋಬರ್ ಎರಡೂ ಚಾಟ್ನಿಯ ಕಡ್ಡಿಯನ್ನು ಬದುವಿಗೆ ಒಯ್ದು ಸುಡಬೇಡಿ. ರೋಗ ಹತ್ತಿದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಕತ್ತರಿಸಿ ಕಾಂಪೋಸ್ಟ್ ಗುಂಡಿಗೆ ಹಾಕಿ.

5. ಹದ ನೋಡಿ ಉಳಬೇಕು, ಟ್ರ್ಯಾಕ್ಟರ್ ಸಿಕ್ಕ ದಿನ ನೋಡಿ ಅಲ್ಲ

ಪ್ರತಿ ವರ್ಷ ಆಳ ಉಳುಮೆ ಮಾಡಿಸಿದರೆ ಹೊಲ ಚಲೋ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಕರಿಕೆ ಹಬ್ಬಿದ್ದರೆ ಸರಿ. ಇಲ್ಲದಿದ್ದರೆ ಮೂರು ವರ್ಷಕ್ಕೊಮ್ಮೆ ಸಾಕು, ಉಳಿದ ವರ್ಷ ಕುಂಟಿ. ಮಣ್ಣನ್ನು ಪದೇ ಪದೇ ತಿರುವಿ ಹಾಕಿದಷ್ಟೂ ಅದರೊಳಗಿನ ಕಸಕಡ್ಡಿ ಬೇಗ ಕರಗಿ ಗಾಳಿಗೆ ಸೇರುತ್ತದೆ. ಇನ್ನು ಹಸಿ ಇದ್ದಾಗ ಎರಿಗೆ ಟ್ರ್ಯಾಕ್ಟರ್ ಇಳಿಸಿದರೆ ಗೇಣು ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಬೇರೂ ಇಳಿಯದು, ನೀರೂ ಇಳಿಯದು. ಹದ ನೋಡುವ ರೀತಿ ಸರಳ: ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಒಡೆದು ಉದುರಿದರೆ ಹದ ಬಂದಿದೆ. ರೊಟ್ಟಿ ಹಿಟ್ಟಿನಂತೆ ಚಪ್ಪಟೆ ಕೂತರೆ ಮನೆಗೆ ಹೋಗಿ ಚಹಾ ಕುಡಿಯಿರಿ.

6. ಅಕ್ಕಡಿ ಬಿಟ್ಟವರು ಅಂಗಡಿ ಹಿಡಿಯುತ್ತಾರೆ

ತೊಗರಿಗೆ ರೇಟು ಬಂದ ವರ್ಷದಿಂದ ಎಂಟೂ ಎಕರೆ ತೊಗರಿ, ಸತತ ನಾಲ್ಕು ವರ್ಷ. ಐದನೇ ವರ್ಷ ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗತೊಡಗಿದವು. ಸೊರಗು ರೋಗದ ಬೀಜ ಮಣ್ಣಿನಲ್ಲೇ ಕೂತಿರುತ್ತದೆ. ಪ್ರತಿ ವರ್ಷ ಅದೇ ಊಟ ಬಡಿಸಿದರೆ ಅದೂ ವರ್ಷ ವರ್ಷ ಬಲಿಯುತ್ತದೆ. ಔಷಧಿ ಅಂಗಡಿಯಲ್ಲಿ ಆ ವರ್ಷ ಮಾಡಿದ ಉದ್ರಿ ತೀರಿಸಲು ಎರಡು ಸುಗ್ಗಿ ಬೇಕಾದವು.

ಈಗ ಮಡ್ಡಿಯಲ್ಲಿ ಮತ್ತೆ ಅಕ್ಕಡಿ: ಎರಡು ಸಾಲು ಸಜ್ಜಿ, ಒಂದು ಸಾಲು ತೊಗರಿ. ಸಜ್ಜಿ ಬೇಗ ಕೊಯ್ಲಿಗೆ ಬರುತ್ತದೆ, ತೊಗರಿ ಬೇರು ಆಳಕ್ಕೆ ಇಳಿಯುತ್ತದೆ, ಉದುರಿದ ಎಲೆ ಹೊಲಕ್ಕೇ ಉಳಿಯುತ್ತದೆ. ಎರಿಯಲ್ಲಿ ಒಂದು ವರ್ಷ ಬಿಳಿಜೋಳ, ಮರುವರ್ಷ ಕಡಲೆ, ನಡುನಡುವೆ ಕುಸುಬಿ ಸಾಲು. ಮೃಗಶಿರ, ಆರಿದ್ರ ಮಳೆ ಕೈಹಿಡಿದರೆ ಆಳದ ಎರಿಯಲ್ಲಿ ಹೆಸರು ತೆಗೆದು, ಹಿಂಗಾರಿಗೆ ಜೋಳ ಬಿತ್ತುತ್ತೇನೆ.

ಕಾಳುಬೆಳೆ ಸಾರಜನಕ ಕೊಡುತ್ತದೆ ಎಂದು ಕಣ್ಣು ಮುಚ್ಚಿ ನಂಬಬೇಡಿ. ತಿಂಗಳ ಪೈರಿನಲ್ಲಿ ಒಂದು ಕಡಲೆ ಗಿಡ ಮೆಲ್ಲಗೆ ಅಗೆದು ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಗಂಟು ದುಡಿಯುತ್ತಿದೆ. ಬಿಳಿ, ಹಸಿರು ಇದ್ದರೆ ಸುಮ್ಮನೆ ಕೂತು ಉಣ್ಣುತ್ತಿದೆ. ಅಂಥ ಹೊಲಕ್ಕೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಬೇಕು.

7. ಹಸಿರೆಲೆ ಗೊಬ್ಬರವೂ ನೀರು ಕುಡಿಯುತ್ತದೆ

ಪುಸ್ತಕ ಓದಿ ಸೆಣಬು ಬಿತ್ತಿದೆ. ಎದೆಯುದ್ದ ಬೆಳೆಯಿತು. ನೋಡುವವರೆಲ್ಲ ಹೊಗಳಿದರು, ನಾನು ಉಬ್ಬಿ ಇನ್ನೂ ಹದಿನೈದು ದಿನ ಬಿಟ್ಟೆ. ಕಾಂಡ ಕಟ್ಟಿಗೆಯಾಯಿತು, ಮಣ್ಣಿಗೆ ಹಾಕಿದರೆ ಕೊಳೆಯಲಿಲ್ಲ. ಉತ್ತರಿ ಮಳೆ ಕೈಕೊಟ್ಟಿತು. ಜೋಳಕ್ಕೆ ಇಡಬೇಕಾಗಿದ್ದ ಹಸಿಯನ್ನೆಲ್ಲ ಸೆಣಬು ಕುಡಿದಿತ್ತು. ಆ ವರ್ಷ ಕಣಿಕೆ ಬಂತು, ಕಾಳಿಲ್ಲ.

ನಮ್ಮ ಮಳೆಗೆ ನಿಯಮ ಇಷ್ಟು: ಜೂನ್ ಮಳೆ ಚಲೋ ಆದರೆ ಮಾತ್ರ ಸೆಣಬು, 45 ದಿನಕ್ಕೆ, ಹೂವಿಗೆ ಮೊದಲೇ ಮಣ್ಣಿಗೆ. ಉಳಿದ ವರ್ಷಕ್ಕೆ ಒಡ್ಡಿನ ಮೇಲಿನ ಗ್ಲಿರಿಸಿಡಿಯಾ ಇದೆ. ವರ್ಷಕ್ಕೆ ಎರಡು ಸಲ ಟೊಂಗೆ ಕಡಿದು ಸೊಪ್ಪನ್ನು ಸಾಲಿನಲ್ಲಿ ಹಾಕುತ್ತೇವೆ. ಹೊಲದ ಹಸಿ ಹೊಲಕ್ಕೇ ಉಳಿಯುತ್ತದೆ, ಒಡ್ಡೂ ಬೇರು ಹಿಡಿದು ನಿಲ್ಲುತ್ತದೆ.

8. ಮಣ್ಣಿನ ಕಾರ್ಡು ಗೋಡೆಗೆ ಅಂಟಿಸಲು ಕೊಟ್ಟದ್ದಲ್ಲ

ಮಣ್ಣು ಆರೋಗ್ಯ ಕಾರ್ಡು ಯೋಜನೆ ದೇಶದಲ್ಲಿ 2015ರ ಫೆಬ್ರವರಿಯಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2009ರಲ್ಲಿ, ಇಕ್ರಿಸ್ಯಾಟ್ ಸಂಸ್ಥೆಯ ಜೊತೆಗಿನ ಭೂಚೇತನ ಯೋಜನೆ ಬಂದಿತ್ತು. ಕಾರ್ಡಿನಲ್ಲಿ 12 ಅಂಶ ಇರುತ್ತವೆ. ನಾನು ಮೊದಲು ನೋಡುವುದು ಮೂರು: ರಸಸಾರ, ಸಾವಯವ ಇಂಗಾಲ, ಸತು. ನನ್ನ ಎರಿಯ ಮೊದಲ ಕಾರ್ಡಿನಲ್ಲಿ ರಸಸಾರ 8.6, ಇಂಗಾಲ ನೂರಕ್ಕೆ 0.38. ಇಂಗಾಲ 0.5ರ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ. ಪೊಟ್ಯಾಷ್ ಮಾತ್ರ ಧಾರಾಳ. ಅದೇ ಮಣ್ಣಿಗೆ ನಾನು ವರ್ಷಗಟ್ಟಲೆ ಪೊಟ್ಯಾಷ್ ಚೀಲ ಹೊತ್ತು ಹಾಕಿದ್ದೆ, ಸತುವಿನ ಹೆಸರೂ ಕೇಳಿರಲಿಲ್ಲ.

ಸುಣ್ಣದಂಶ ಹೆಚ್ಚಿರುವ ನಮ್ಮ ಎರಿಯಲ್ಲಿ ರಂಜಕವನ್ನು ಮೇಲೆ ಚೆಲ್ಲಿದರೆ ಅದು ಸುಣ್ಣದ ಜೊತೆ ಸಿಕ್ಕಿಹಾಕಿಕೊಳ್ಳುತ್ತದೆ. ಡಿಎಪಿಯನ್ನು ಕೂರಿಗಿಯಲ್ಲೇ ಬೀಜದ ಬದಿಗೆ, ಎರಡು ಬೆರಳು ಕೆಳಗೆ ಹಾಕಬೇಕು. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬಾರದು. ಯೂರಿಯಾವನ್ನು ಮಣ್ಣಿನ ಮೇಲೆ ಎಸೆದು ಹಾಗೇ ಬಿಟ್ಟರೆ ಅರ್ಧ ಗಾಳಿಗೆ ಹೋದೀತು. ಹಸಿ ಇದ್ದಾಗ ಹಾಕಿ, ಮಣ್ಣು ಮುಚ್ಚಿ.

ಮಾದರಿ ತೆಗೆಯುವುದರಲ್ಲೇ ಅರ್ಧ ಮಂದಿ ಎಡವುತ್ತಾರೆ. ಬದು, ಗಿಡದ ನೆರಳು, ತಿಪ್ಪಿ ಇಟ್ಟ ಜಾಗ ಬಿಡಿ. ಹೊಲದ ಹತ್ತು-ಹದಿನೈದು ಕಡೆ ಗೇಣಿಗಿಂತ ಸ್ವಲ್ಪ ಕಡಿಮೆ ಆಳದ ಗುಂಡಿ ತೆಗೆದು, ಅದರ ಗೋಡೆಯ ಮಣ್ಣು ಕೆರೆದು ಬೆರೆಸಿ ಅರ್ಧ ಕಿಲೋ ಉಳಿಸಿ. ಮಡ್ಡಿಯದೇ ಬೇರೆ ಚೀಟಿ, ಎರಿಯದೇ ಬೇರೆ. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಕಾರ್ಡಿನ ಅಂಕಿಯನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ.

9. ಜೀವಾಮೃತಕ್ಕೆ ಅದರ ಕೆಲಸ ಮಾತ್ರ ಹೇಳಿ

ಸುಭಾಷ್ ಪಾಳೇಕರರ ಪದ್ಧತಿಯಿಂದ ಬಂದ ಜೀವಾಮೃತ ನಮ್ಮೂರಲ್ಲೂ ಹಲವರ ಬ್ಯಾರಲ್‌ನಲ್ಲಿದೆ. 200 ಲೀಟರ್ ನೀರು, 10 ಕಿಲೋ ಸಗಣಿ, ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ಕಾಳಿನ ಹಿಟ್ಟು, ಹಿಡಿ ಮಣ್ಣು. ನಾನೂ ಹಾಕುತ್ತೇನೆ. ಆದರೆ ಇಡೀ ಬ್ಯಾರಲ್‌ನಲ್ಲಿ ಸಾರಜನಕ ಅರ್ಧ ಕಿಲೋನೂ ಇರುವುದಿಲ್ಲ. ಅದು ಹೆಪ್ಪು. ಹಾಲಿದ್ದರೆ ಹೆಪ್ಪು ಮೊಸರಾಗುತ್ತದೆ, ಬರಿ ಪಾತ್ರೆಗೆ ಹೆಪ್ಪು ಹಾಕಿ ಫಲವೇನು? ಹೊಲದಲ್ಲಿ ಕಸಕಡ್ಡಿ, ತಿಪ್ಪಿ, ಹಸಿ ಇದ್ದರೆ ಜೀವಾಮೃತ ಕೆಲಸ ಮಾಡುತ್ತದೆ.

10. ಒಳಗೆ ಬಂದು ಹೊರಗೆ ಹೋಗದ್ದನ್ನೂ ಬರೆದಿಡಿ

ಇಷ್ಟು ಹೊತ್ತು ಒಡ್ಡು ದಾಟಿ ಹೋಗಬಾರದ್ದನ್ನು ಹೇಳಿದೆ. ಈಗ ತಿರುವು ಮುರುವು. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಸೀಮೆಗೆ ಹತ್ತಿದೆ. ಕೆರೆ ತುಂಬಿವೆ, ಬತ್ತಿದ ಬಾವಿಗಳಲ್ಲಿ ನೀರು ಕಂಡಿದೆ. ಮುತ್ಯಾನ ಕಾಲದಲ್ಲಿ ಕನಸು ಅನ್ನುತ್ತಿದ್ದ ಮಾತು ಅದು. ಆದರೆ ಪ್ರತಿ ನೀರಿನಲ್ಲೂ ಇಷ್ಟಿಷ್ಟು ಉಪ್ಪು ಇರುತ್ತದೆ, ಬೋರಿನ ನೀರಿನಲ್ಲಿ ಇನ್ನಷ್ಟು. ಗಿಡ ನೀರು ಕುಡಿಯುತ್ತದೆ, ಉಪ್ಪು ಬಿಡುತ್ತದೆ. ಎರಿಯಲ್ಲಿ ಬಸಿಯುವ ದಾರಿ ಇಲ್ಲದಿದ್ದರೆ ಅದು ಬೇರಿನ ಹತ್ತಿರವೇ ಕೂಡುತ್ತದೆ.

ದೂರ ಹೋಗಬೇಕಾಗಿಲ್ಲ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಮಾತು ಹುಟ್ಟಿದ ಹೊಳೆಯ ದಂಡೆಯಲ್ಲೇ ಸವಳು ನೆಲ ನೋಡಬಹುದು. ಡೋಣಿ ನೀರು ಉಪ್ಪು ಎಂದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಅಂಥ ಎರಿ, ಅಂಥ ಹೊಳೆ ಪಕ್ಕದಲ್ಲಿಟ್ಟುಕೊಂಡು ನಾವು ನೀರು ಬಂತೆಂದು ಹಾಯಿಸಿದ್ದೇ ಹಾಯಿಸಿದರೆ ಬುದ್ಧಿವಂತಿಕೆ ಅಲ್ಲ.

ನಮ್ಮ ಬೀಗರೊಬ್ಬರು ಎರಿ ಹೊಲದಲ್ಲಿ ಕಬ್ಬಿಗೆ ಆರು ವರ್ಷ ನೀರು ಹಾಯಿಸಿದರು. ಮೊದಲು ಮಣ್ಣಿನ ಮೇಲೆ ಬಿಳಿ ಹುಡಿ, ಆಮೇಲೆ ಕಬ್ಬಿನ ನಡುವೆ ಬೋಳು ತೇಪೆ. ಈಗ ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ ರಿಪೇರಿ ಮಾಡುತ್ತಿದ್ದಾರೆ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಕೆಲಸ ಮಾಡುತ್ತದೆ, ಬರೀ ಉಪ್ಪಿದ್ದರೆ ಬಸಿಗಾಲುವೆಯೇ ಮದ್ದು. ಯಾವುದೆಂದು ಪರೀಕ್ಷೆಯೇ ಹೇಳಬೇಕು. ನನ್ನ ಹೊಲದಲ್ಲಿ ಈಗ ಡ್ರಿಪ್, ಕೆಳಗೆ ಒಂದು ಬಸಿಗಾಲುವೆ, ವರ್ಷಕ್ಕೊಮ್ಮೆ ಬೋರಿನ ನೀರಿನ ಪರೀಕ್ಷೆ. ಪಡದವರಿಗೆ ಇನ್ನೊಂದು ಮಾತು: ಬೋರ್ಡೋ ದ್ರಾವಣದ ತಾಮ್ರವೂ ಉಪ್ಪಿನಂತೆಯೇ ಮಣ್ಣಿನಲ್ಲಿ ಉಳಿಯುವ ಪೈಕಿ. ಕಾರ್ಡಿನಲ್ಲಿ ತಾಮ್ರದ ಸಾಲನ್ನೂ ನೋಡುತ್ತ ಇರಿ.

11. ಒಂದು ವರ್ಷದ ಲಾವಣಿಗೆ ಯಾರೂ ತಿಪ್ಪಿ ಹಾಕುವುದಿಲ್ಲ

ನಾನೂ ಒಮ್ಮೆ ಬೇರೆಯವರ ಎರಡು ಎಕರೆ ಲಾವಣಿಗೆ ಹಿಡಿದಿದ್ದೆ. ಯೂರಿಯಾ ಹಾಕಿದೆ, ಬೆಳೆ ತೆಗೆದೆ, ಕಣಿಕೆ ಹೊತ್ತು ತಂದೆ. ಒಡೆದ ಒಡ್ಡಿನ ಕಡೆ ನೋಡಲೂ ಇಲ್ಲ. ಮುಂದಿನ ವರ್ಷ ಹೊಲ ಯಾರಿಗೋ ಎಂದ ಮೇಲೆ ನಾನು ಯಾಕೆ ಹಾಕಲಿ? ನೌಕರಿಗೆಂದು ವಿಜಯಪುರ, ಪುಣೆ, ಬೆಂಗಳೂರು ಸೇರಿದ ಹೊಲದ ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ: ಲಾವಣಿ ಕೊಡುವುದಿದ್ದರೆ ಐದು ವರ್ಷಕ್ಕೆ ಕೊಡಿ. ರೊಕ್ಕ ಸ್ವಲ್ಪ ಕಡಿಮೆ ಮಾಡಿ, ಬದಲಿಗೆ ವರ್ಷಕ್ಕೆ ಎಕರೆಗೆ ಎರಡು ಟ್ರಾಲಿ ಗೊಬ್ಬರ, ಒಡ್ಡಿನ ರಿಪೇರಿ ಎಂದು ಕರಾರಿನಲ್ಲಿ ಬರೆಸಿ. ತಿರುಗಿ ಬಂದಾಗ ನಿಮಗೆ ಸಿಗಬೇಕಾದ್ದು ಹೊಲ ತಾನೆ?

12. ಪ್ರತಿ ವರ್ಷ ಒಂದು ಬಾಟಲಿ

ಮುತ್ಯಾ ಹೋಗಿ ಬಹಳ ವರ್ಷವಾಯಿತು. ಬಾಟಲಿಯ ರೂಢಿ ಮಾತ್ರ ಬಿಟ್ಟಿಲ್ಲ. ಹಸ್ತ ಮಳೆಗೆ ಮೊದಲ ಸಲ ನೀರು ಕೋಡಿ ದಾಟಿದ ದಿನ ಕೊಡೆ ಹಿಡಿದು ಹೋಗಿ ತುಂಬಿ ತರುತ್ತೇನೆ, ಮೂರು ದಿನ ಗೂಡಿನಲ್ಲಿ ಇಡುತ್ತೇನೆ, ಕೆಸರಿನ ಎತ್ತರಕ್ಕೆ ಗೆರೆ ಎಳೆದು ವಹಿಯಲ್ಲಿ ಬರೆಯುತ್ತೇನೆ. ನೀವೂ ಈ ಹಿಂಗಾರಿಗೆ ಒಂದು ಬಾಟಲಿ ಹಿಡಿಯಿರಿ, ಖರ್ಚಿಲ್ಲದ ಪರೀಕ್ಷೆ. ಕಾರ್ಡಿನಲ್ಲಿ ನನ್ನ ಎರಿಯ ಇಂಗಾಲ ಈಗ 0.52. ಬಾಟಲಿಯಲ್ಲಿ ಮೂರು ಬೆರಳು ಇದ್ದ ಕೆಸರು ಹೋದ ವರ್ಷ ಅರ್ಧ ಬೆರಳು. ಪೂರ್ತಿ ತಿಳಿ ನೀರು ಒಂದು ವರ್ಷವೂ ಬಂದಿಲ್ಲ.